ಅಮೆರಿಕದ ಜೂನಿಯರ್ ಕಾಲೇಜುಗಳೂ ಹೆಚ್ಚುವರಿ ಕ್ರೆಡಿಟ್ಟುಗಳ ಪ್ರಶ್ನೆಯೂ

ಒಂದು ಊರಿನ ಕೊಳಗದಿಂದ ಅಳೆದ ಧಾನ್ಯವನ್ನು ಇನ್ನೊಂದು ಊರಿನ ಸಂತೆಗೆ ಕೊಂಡೊಯ್ದರೆ ಅಲ್ಲಿಯ ಅಳತೆಗೆ ಅದು ಕಡಮೆಯಾಗಿಯೋ ಹೆಚ್ಚಾಗಿಯೋ ಕಾಣುತ್ತಿದ್ದುದು ಹಿಂದಿನವರ ಅನುಭವಕ್ಕೆ ಬಂದಿದ್ದ ಸಂಗತಿ. ಧಾನ್ಯ ಅದೇ, ವ್ಯತ್ಯಾಸವೆಲ್ಲ ಕೊಳಗದ್ದು. ವಿದ್ಯೆಯನ್ನೂ ಹೀಗೆ ಅಳೆದು ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಸಾಗಿಸುವ ಏರ್ಪಾಡು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ತನ್ನ ಊರಿನ ಎರಡು ವರ್ಷದ ಕಾಲೇಜಿನಲ್ಲಿ ಓದಿದ ವಿದ್ಯಾರ್ಥಿಯು ಅಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಹೊತ್ತು ವಿಶ್ವವಿದ್ಯಾನಿಲಯದ ಮೂರನೆಯ ವರ್ಷವನ್ನು ಸೇರುತ್ತಾನೆ. ಹಾಗೆ ಸೇರುವಾಗ ಕೆಲವರಲ್ಲಿ ಕ್ರೆಡಿಟ್ಟುಗಳು ಬೇಕಾದುದಕ್ಕಿಂತ ಹೆಚ್ಚಾಗಿರುತ್ತವೆ. ಹೆಚ್ಚಾಗಿದ್ದರೂ ಅವರ ವ್ಯಾಸಂಗದ ಕಾಲವು ಕಡಮೆಯಾಗುವುದಿಲ್ಲ. ಅನೇಕ ವೇಳೆ ಬೆಳೆಯುವುದೂ ಉಂಟು. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಸಂಗತಿಯ ಮೂಲವು ವಿದ್ಯಾರ್ಥಿಯ ಅಜಾಗರೂಕತೆಯಲ್ಲಿ ಇರುವುದಕ್ಕಿಂತ ಆ ಕಾಲೇಜುಗಳ ಮತ್ತು ಆ ಅಳತೆಯ ಚರಿತ್ರೆಯಲ್ಲಿಯೇ ಹೆಚ್ಚಾಗಿ ಇದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧

ಎರಡು ವರ್ಷದ ಕಾಲೇಜಿನ ಕಲ್ಪನೆಯು ಜರ್ಮನಿಯಿಂದ ಪ್ರೇರಣೆಯನ್ನು ಪಡೆದುದು. ಅಲ್ಲಿ ಸಾಮಾನ್ಯ ವಿದ್ಯಾಭ್ಯಾಸವು ಗಿಮ್ನಾಸಿಯಂ ಎಂಬ ಶಾಲೆಯಲ್ಲಿಯೇ ಮುಗಿದು, ವಿಶ್ವವಿದ್ಯಾನಿಲಯವು ಪ್ರೌಢ ವ್ಯಾಸಂಗಕ್ಕೂ ಸಂಶೋಧನೆಗೂ ಮೀಸಲಾಗಿರುತ್ತಿದ್ದಿತು. ಅಮೆರಿಕದಲ್ಲಿಯೂ ಮೊದಲೆರಡು ವರ್ಷಗಳ ಪಾಠವನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಬೇಕೆಂಬ ವಿಚಾರವು ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಕೆಲವರು ವಿದ್ವಾಂಸರಲ್ಲಿ ಇದ್ದಿತು. ಅದನ್ನು ಆಚರಣೆಗೆ ತಂದವನು ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷನಾದ ವಿಲಿಯಂ ರೇನಿ ಹಾರ್ಪರ್. ೧೮೯೨ರಲ್ಲಿ ಪಾಠಗಳನ್ನು ಆರಂಭಿಸಿದ ಆ ವಿಶ್ವವಿದ್ಯಾನಿಲಯದಲ್ಲಿ ಅವನು ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡಾಗಿ ಒಡೆದನು. ೧೮೯೬ರಲ್ಲಿ ಈ ಭಾಗಗಳಿಗೆ ಜೂನಿಯರ್ ಕಾಲೇಜು, ಸೀನಿಯರ್ ಕಾಲೇಜು ಎಂಬ ಹೆಸರುಗಳು ಬಂದುವು. ಮೊದಲ ಭಾಗವನ್ನು ಮುಗಿಸಿದವರಿಗೆ ೧೯೦೦ರಿಂದ ಅಸೋಸಿಯೇಟ್ ಎಂಬ ಪದವಿಯನ್ನು ಕೊಡುವ ಪದ್ಧತಿಯೂ ಏರ್ಪಟ್ಟಿತು.

ಹಾರ್ಪರನ ಮನಸ್ಸಿನಲ್ಲಿ ಈ ವಿಭಾಗಕ್ಕೆ ಎರಡು ಪ್ರಯೋಜನಗಳು ಇದ್ದುವು. ಮುಂದೆ ಓದಲು ಶಕ್ತಿಯೂ ಇಚ್ಛೆಯೂ ಇದ್ದವರು ಮೇಲಿನ ಭಾಗಕ್ಕೆ ನೇರವಾಗಿ ಹೋಗಬಹುದು. ಇಲ್ಲದವರು ಎರಡು ವರ್ಷಗಳ ಕೊನೆಯಲ್ಲಿ ಮರ್ಯಾದೆಯಿಂದ ವ್ಯಾಸಂಗವನ್ನು ನಿಲ್ಲಿಸಬಹುದು. ಒಂದೇ ಕಟ್ಟಡವು ಮುಂದಿನ ದಾರಿಗೆ ಬಾಗಿಲೂ ಆಗಬೇಕು, ಕೆಲವರಿಗೆ ತಂಗುವ ಮನೆಯೂ ಆಗಬೇಕು. ಈ ದ್ವಂದ್ವವು ಜೂನಿಯರ್ ಕಾಲೇಜಿನ ಜಾತಕದಲ್ಲಿಯೇ ಬರೆದಿದ್ದಿತೆಂದು ಹೇಳಬಹುದು. ಮುಂದೆ ಹುಟ್ಟಿದ ತೊಡಕುಗಳಲ್ಲಿ ಅರ್ಧವು ಇದರ ಫಲ.

೧೯೦೧ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ, ಹಾರ್ಪರನ ಪ್ರೋತ್ಸಾಹದಿಂದ, ಹೈಸ್ಕೂಲಿನ ಮೇಲ್ವಿಚಾರಕನಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಎಂಬಾತನು ಆರು ಮಂದಿ ವಿದ್ಯಾರ್ಥಿಗಳಿಗೆ ಕಾಲೇಜುಮಟ್ಟದ ಪಾಠಗಳನ್ನು ತೆರೆದನು. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಜೂನಿಯರ್ ಕಾಲೇಜುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೧೯೦೭ರ ಶಾಸನವು ಹೈಸ್ಕೂಲುಗಳಿಗೆ ಇಂಥ ಪಾಠಗಳನ್ನು ನಡೆಸುವ ಅಧಿಕಾರವನ್ನು ಕೊಟ್ಟಿತು. ೧೯೧೦ರಲ್ಲಿ ಫ್ರೆಸ್ನೋ ನಗರವು ಅದನ್ನು ಮೊದಲು ಉಪಯೋಗಿಸಿಕೊಂಡಿತು. ೧೯೧೭ರಲ್ಲಿ ಸರ್ಕಾರದ ಧನಸಹಾಯವೂ ೧೯೨೧ರಲ್ಲಿ ಪ್ರತ್ಯೇಕ ಜೂನಿಯರ್ ಕಾಲೇಜು ಜಿಲ್ಲೆಗಳನ್ನು ರಚಿಸುವ ಅಧಿಕಾರವೂ ದೊರೆತುವು. ಮನೆಯಿಂದ ಹೋಗಿಬಂದು, ಅಲ್ಪ ವೆಚ್ಚದಲ್ಲಿ ಓದಬಹುದಾದ ಕಾಲೇಜು ಊರೂರಿಗೂ ಬರತೊಡಗಿದುದು ಹೀಗೆ.

೨

ಕಾಲೇಜಿನ ಚರಿತ್ರೆಯ ಜೊತೆಯಲ್ಲಿಯೇ ಅಳತೆಯ ಚರಿತ್ರೆಯನ್ನೂ ನೋಡಬೇಕು. ಹಳೆಯ ಅಮೆರಿಕನ್ ಕಾಲೇಜಿನಲ್ಲಿ ಒಂದು ತರಗತಿಯವರೆಲ್ಲರೂ ಬಹುಮಟ್ಟಿಗೆ ಒಂದೇ ಪಾಠಕ್ರಮವನ್ನು ಅನುಸರಿಸಿ ಒಟ್ಟಿಗೆ ತೇರ್ಗಡೆಯಾಗುತ್ತಿದ್ದರು. ಎಲ್ಲರೂ ಓದುವುದು ಒಂದೇ ಆದಾಗ ಲೆಕ್ಕವಿಡುವ ಅವಶ್ಯಕತೆಯಿಲ್ಲ. ೧೮೬೯ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ ಐಚ್ಛಿಕ ವಿಷಯಗಳ ಪದ್ಧತಿಯನ್ನು ವಿಸ್ತರಿಸಿದನು. ಒಬ್ಬನು ಗ್ರೀಕನ್ನೂ ಮತ್ತೊಬ್ಬನು ರಸಾಯನಶಾಸ್ತ್ರವನ್ನೂ ಆರಿಸಿಕೊಂಡ ಮೇಲೆ, ಇಬ್ಬರೂ ಪದವಿಗೆ ಸಮಾನವಾಗಿ ಅರ್ಹರೆಂದು ಹೇಳುವುದಕ್ಕೆ ಎರಡು ವಿಷಯಗಳಿಗೂ ಸಾಧಾರಣವಾದ ಒಂದು ಮಾನವು ಬೇಕಾಯಿತು. ಆ ಮಾನವು ಗಂಟೆಯಲ್ಲಿ ದೊರೆಯಿತು.

ಈ ಗಂಟೆಯ ಮಾನಕ್ಕೆ ದೇಶವ್ಯಾಪ್ತಿಯು ಬಂದುದು ಅಧ್ಯಾಪಕರ ನಿವೃತ್ತಿವೇತನದ ಮೂಲಕ! ೧೯೦೫ರಲ್ಲಿ ಆಂಡ್ರೂ ಕಾರ್ನೆಗಿ ಎಂಬ ಧನಿಕನು ಕಾಲೇಜು ಅಧ್ಯಾಪಕರ ವಿಶ್ರಾಂತಿವೇತನಕ್ಕಾಗಿ ಒಂದು ಕೋಟಿ ಡಾಲರುಗಳ ನಿಧಿಯನ್ನು ಸ್ಥಾಪಿಸಿದನು. ಯಾವ ಕಾಲೇಜುಗಳು ಈ ನಿಧಿಗೆ ಅರ್ಹವೆಂದು ತೀರ್ಮಾನಿಸುವುದಕ್ಕಾಗಿ ಕಾರ್ನೆಗಿ ಪ್ರತಿಷ್ಠಾನವು, ಹೈಸ್ಕೂಲಿನಲ್ಲಿ ಹದಿನಾಲ್ಕು ಯೂನಿಟ್ಟುಗಳನ್ನು ಓದಿ ಬಂದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜೇ ನಿಜವಾದ ಕಾಲೇಜು ಎಂಬ ನಿಬಂಧನೆಯನ್ನು ಹಾಕಿತು. ಒಂದು ವಿಷಯವನ್ನು ಒಂದು ವರ್ಷ ಸುಮಾರು ೧೨೦ ಗಂಟೆಗಳ ಕಾಲ ಓದಿದರೆ ಅದು ಒಂದು ಯೂನಿಟ್ಟು. ೧೯೧೦ರಲ್ಲಿ ಇದೇ ಪ್ರತಿಷ್ಠಾನದ ಪರವಾಗಿ ಮಾರಿಸ್ ಕುಕ್ ಎಂಬ ಎಂಜಿನಿಯರು ಕಾಲೇಜುಗಳ ದಕ್ಷತೆಯನ್ನು ಪರೀಕ್ಷಿಸಿ, ವೆಚ್ಚವನ್ನು ಲೆಕ್ಕಹಾಕುವುದಕ್ಕೆ ವಿದ್ಯಾರ್ಥಿ-ಗಂಟೆಯೆಂಬ ಮಾನವನ್ನು ಸೂಚಿಸಿದನು. ಕ್ರಮೇಣ ಕಾಲೇಜುಗಳಲ್ಲಿ ಕ್ರೆಡಿಟ್-ಗಂಟೆಯು ರೂಢಮೂಲವಾಯಿತು: ಸುಮಾರು ಹದಿನೈದು ವಾರಗಳ ಅರ್ಧವರ್ಷದಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ, ಅದಕ್ಕೆ ಎರಡು ಗಂಟೆಯ ಸ್ವಂತ ಓದು ಸೇರಿ ಒಂದು ಕ್ರೆಡಿಟ್ಟು. ಇಂಥ ೧೨೦ ಕ್ರೆಡಿಟ್ಟುಗಳಿಗೆ ಪದವಿ. ಅದರ ಅರ್ಧವಾದ ೬೦ಕ್ಕೆ ಅಸೋಸಿಯೇಟ್ ಪದವಿ.

ಇಲ್ಲಿ ಒಂದು ಅಂಶವು ಗಮನಾರ್ಹವಾದುದು. ವಿದ್ಯಾರ್ಥಿಯು ಏನನ್ನು ಕಲಿತನೆಂಬುದನ್ನು ಈ ಮಾನವು ಹೇಳುವುದಿಲ್ಲ. ಎಷ್ಟು ಹೊತ್ತು ಕಲಿತನೆಂಬುದನ್ನು ಹೇಳುತ್ತದೆ. ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಕೊಳಗದಿಂದ ವಿದ್ಯೆಯನ್ನು ಅಳೆಯತೊಡಗಿದಾಗ ಮುಂದೆ ಏನಾಗಬಹುದೋ ಅದೇ ಆಯಿತು.

೩

ಜೂನಿಯರ್ ಕಾಲೇಜುಗಳಿಂದ ಬಂದವರು ವಿಶ್ವವಿದ್ಯಾನಿಲಯದ ಪಾಠಗಳನ್ನು ತಾಳಬಲ್ಲರೆ ಎಂಬ ಪ್ರಶ್ನೆಯು ಆರಂಭದಿಂದಲೂ ಇದ್ದಿತು. ೧೯೨೪ರಲ್ಲಿ ಲಿಯೊನಾರ್ಡ್ ಕೂಸ್, ೧೯೩೧ರಲ್ಲಿ ವಾಲ್ಟರ್ ಕ್ರಾಸ್ಬಿ ಈಲ್ಸ್ ಇವರು ಪ್ರಕಟಿಸಿದ ಬೃಹದ್ಗ್ರಂಥಗಳಲ್ಲಿ ಈ ವಿಚಾರಕ್ಕೆ ಸಾಕಷ್ಟು ಎಡೆಯು ದೊರೆತಿದೆ. ಆದರೆ ವರ್ಗಾವಣೆಯೇ ಈ ಕಾಲೇಜುಗಳ ಮುಖ್ಯ ಧರ್ಮವೆಂಬುದಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ. ಬಹುಮಂದಿ ಮೂರನೆಯ ವರ್ಷಕ್ಕೆ ಹೋಗುವುದೇ ಇಲ್ಲವಾದ ಕಾರಣ ಅವರಿಗೆ ಉದ್ಯೋಗಕ್ಕೆ ಒದಗುವ ಪಾಠಗಳು ಬೇಕೆಂದು ಈಲ್ಸನೇ ಮೊದಲಾದವರು ವಾದಿಸಿದರು. ಹೀಗೆ ಒಂದೇ ಕಾಲೇಜಿನಲ್ಲಿ ವಿಶ್ವವಿದ್ಯಾನಿಲಯವು ಒಪ್ಪುವ ಪಾಠಗಳೂ ಒಪ್ಪದ ಪಾಠಗಳೂ ಅಕ್ಕಪಕ್ಕದಲ್ಲಿ ಬೆಳೆದುವು. ಎರಡಕ್ಕೂ ಕ್ರೆಡಿಟ್ಟು ಉಂಟು. ಎರಡರ ಬೆಲೆ ಮಾತ್ರ ಕಾಲೇಜಿನ ಹೊಸಿಲು ದಾಟಿದಮೇಲೆ ಬೇರೆ.

ಈ ಎರಡು ದಾರಿಗಳನ್ನೂ ಹಿಡಿದವರಲ್ಲಿ ಹೆಸರುವಾಸಿಯಾದವರು ಇದ್ದಾರೆ. ಷಿಕಾಗೋ ನಗರದ ವಿಲ್ಸನ್ ಜೂನಿಯರ್ ಕಾಲೇಜಿನಲ್ಲಿ ೧೯೩೬ರಲ್ಲಿ ವ್ಯಾಸಂಗವನ್ನು ಮುಗಿಸಿದ ಗ್ವೆಂಡಲಿನ್ ಬ್ರೂಕ್ಸ್ ಮುಂದೆ ವಿಶ್ವವಿದ್ಯಾನಿಲಯದ ಪದವಿಗೆ ಹೋಗಲಿಲ್ಲ; ೧೯೫೦ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಮೊದಲ ನೀಗ್ರೋ ವಂಶದ ಲೇಖಕಿಯೆಂದು ಆಕೆ ಪ್ರಸಿದ್ಧಳಾದಳು. ಪಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಓದಿ ೧೯೩೯ರಲ್ಲಿ ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ವರ್ಗವಾದ ಜ್ಯಾಕಿ ರಾಬಿನ್‌ಸನ್, ಪದವಿಗೆ ಅತಿ ಸಮೀಪದಲ್ಲಿದ್ದಾಗಲೇ ೧೯೪೧ರಲ್ಲಿ ಅದನ್ನು ಬಿಟ್ಟುಹೋದನು. ಬೇಸ್‌ಬಾಲ್ ಆಟದಲ್ಲಿ ಅವನ ಕೀರ್ತಿಯು ಮುಂದಿನ ಕಥೆ. ಎರಡು ವರ್ಷಗಳಿಗೆ ಮುಗಿಯುವ ವಿದ್ಯೆಯೆಲ್ಲ ಅಪೂರ್ಣವಲ್ಲ, ವರ್ಗವಾದವರಿಗೆಲ್ಲ ಪದವಿಯು ಕೈಸೇರುವುದೂ ಇಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಎರಡನೆಯ ಮಹಾಯುದ್ಧದ ತರುವಾಯ ಪರಿಸ್ಥಿತಿಯು ಬದಲಾಯಿತು. ೧೯೪೪ರ ಶಾಸನದಿಂದ ಸಹಾಯ ಪಡೆದು ಯುದ್ಧದಿಂದ ಹಿಂದಿರುಗಿದ ಯೋಧರು ಕಾಲೇಜುಗಳನ್ನು ತುಂಬಿದರು. ೧೯೪೭ರಲ್ಲಿ ಅಧ್ಯಕ್ಷ ಟ್ರೂಮನ್ನನು ನೇಮಿಸಿದ್ದ ಆಯೋಗವು, ಜನರಲ್ಲಿ ಕಡೆಯಪಕ್ಷ ಶೇಕಡಾ ೪೯ ಮಂದಿಗೆ ಹದಿನಾಲ್ಕು ವರ್ಷಗಳ ವಿದ್ಯಾಭ್ಯಾಸವನ್ನು ಮುಗಿಸುವ ಸಾಮರ್ಥ್ಯವಿದೆಯೆಂದು ಅಂದಾಜು ಮಾಡಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ಪ್ರಚಾರಕ್ಕೆ ಬಂದುದು ಈ ಆಯೋಗದ ವರದಿಯಿಂದ.

೧೯೬೦ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಉನ್ನತ ವಿದ್ಯಾಭ್ಯಾಸಕ್ಕೆ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿಗೆ ವಿಶ್ವವಿದ್ಯಾನಿಲಯ, ಮೇಲಿನ ಮೂರನೆಯ ಒಂದು ಪಾಲಿಗೆ ಸರ್ಕಾರಿ ಕಾಲೇಜುಗಳು, ಉಳಿದ ಎಲ್ಲರಿಗೂ ಜೂನಿಯರ್ ಕಾಲೇಜುಗಳು ಎಂಬುದು ಅದರ ಹಂಚಿಕೆ. ಬಾಗಿಲು ಕಿರಿದಾಯಿತೆಂಬ ಆಕ್ಷೇಪಣೆಗೆ ಯೋಜನೆಯು ಕೊಟ್ಟ ಸಮಾಧಾನವೇ ವರ್ಗಾವಣೆ. ಮೇಲಿನೆರಡು ವರ್ಷಗಳ ವಿದ್ಯಾರ್ಥಿಗಳು ಶೇಕಡಾ ೬೦ರಷ್ಟೂ ಕೆಳಗಿನೆರಡು ವರ್ಷಗಳವರು ಶೇಕಡಾ ೪೦ರಷ್ಟೂ ಇರಬೇಕೆಂದು ಗೊತ್ತುಮಾಡಿದುದರಿಂದ, ಮೂರನೆಯ ವರ್ಷದಲ್ಲಿ ಬಂದು ಸೇರುವವರಿಗೆ ಸ್ಥಳವು ಉಂಟಾಯಿತು. ಆದಕಾರಣ ಆ ಸಂಸ್ಥಾನದಲ್ಲಿ ಕ್ರೆಡಿಟ್ಟಿನ ವರ್ಗಾವಣೆಯು ಗುಮಾಸ್ತೆಯ ಕಾಗದದ ಕೆಲಸವಾಗಿ ಮಾತ್ರ ಉಳಿಯಲಿಲ್ಲ. ಸರ್ಕಾರವು ಪ್ರಜೆಗಳಿಗೆ ಕೊಟ್ಟ ಮಾತನ್ನು ನಡೆಸುವ ಸಾಧನವಾಯಿತು.

೪

ಇನ್ನು ಹೆಚ್ಚುವರಿ ಎಂಬ ಮಾತಿನ ಅರ್ಥವನ್ನು ವಿಚಾರಿಸಬೇಕು. ವ್ಯವಹಾರದಲ್ಲಿ ಒಂದೇ ಮಾತಿನಿಂದ ಹೇಳುವ ಈ ವಿಷಯದಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಮಿತಿಗೆ ಮೀರಿದುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಕೆಳಗಿನೆರಡು ವರ್ಷಗಳ ಮಟ್ಟದ ಪಾಠಗಳಿಂದ ಹೆಚ್ಚೆಂದರೆ ೭೦ ಕ್ರೆಡಿಟ್ಟುಗಳನ್ನು ಪದವಿಯ ಮೊತ್ತಕ್ಕೆ ಸೇರಿಸಿಕೊಳ್ಳುತ್ತದೆ. ಉದಾಹರಣೆಗೆ, ಸಂಗತವಾದ ೮೪ ಕ್ರೆಡಿಟ್ಟುಗಳನ್ನು ಗಳಿಸಿದ ಒಬ್ಬ ವಿದ್ಯಾರ್ಥಿಯನ್ನು ಭಾವಿಸಬಹುದು. ೭೦ ಮಾತ್ರ ಮೊತ್ತಕ್ಕೆ ಸೇರುತ್ತವೆ. ಉಳಿದ ೧೪ರ ಪಾಠಗಳಿಗೆ ವಿಷಯಮಾನ್ಯತೆಯು ದೊರೆಯಬಹುದು. ಎಂದರೆ ಆ ಪಾಠವನ್ನು ಮತ್ತೆ ಓದಬೇಕಾಗಿಲ್ಲ, ಆದರೆ ಅದರ ಗಂಟೆಗಳು ಲೆಕ್ಕಕ್ಕೆ ಬಾರವು. ೧೨೦ನ್ನು ಮುಟ್ಟಲು ಅವನಿಗೆ ಇನ್ನೂ ೫೦ ಬೇಕು. ವಿಶೇಷವೇನೆಂದರೆ ಈ ಮಿತಿಯು ಒಂದು ರೀತಿಯಲ್ಲಿ ರಕ್ಷಣೆಯೂ ಆಗಿದೆ. ಅತಿಯಾಗಿ ಕ್ರೆಡಿಟ್ಟುಗಳಿರುವವರನ್ನು ಸೇರಿಸಿಕೊಳ್ಳಲು ಅಲ್ಲಿಯ ಕೆಲವು ವಿಭಾಗಗಳು ಹಿಂಜರಿಯುತ್ತವೆ. ಎರಡು ವರ್ಷದ ಕಾಲೇಜಿನಲ್ಲಿ ಮಾತ್ರ ಓದಿದವನ ಮೊತ್ತವು ೭೦ನ್ನು ದಾಟುವುದೇ ಇಲ್ಲವಾದುದರಿಂದ ಅವನಿಗೆ ಆ ಭಯವಿಲ್ಲ. ಕಳೆದುಕೊಂಡುದರಿಂದಲೇ ಉಳಿದುಕೊಳ್ಳುವ ವಿಚಿತ್ರವಿದು.

ಎರಡನೆಯದು ಒಪ್ಪಿಗೆಯಾಗಿಯೂ ಉಪಯೋಗಕ್ಕೆ ಬಾರದುದು. ಪಾಠವು ವರ್ಗವಾಗುತ್ತದೆ, ಆದರೆ ವಿದ್ಯಾರ್ಥಿಯ ಮುಖ್ಯ ವಿಷಯದ ನಿಬಂಧನೆಗಳಲ್ಲಿ ಅದಕ್ಕೆ ಎಡೆಯಿಲ್ಲದೆ ಐಚ್ಛಿಕದ ಬುಟ್ಟಿಗೆ ಬೀಳುತ್ತದೆ. ಒಂದು ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ವಿಭಾಗವು ಕೇಳುವ ಗಣಿತ ಭೌತಶಾಸ್ತ್ರಗಳ ಸರಣಿಯೂ ಇನ್ನೊಂದು ಕೇಳುವ ಸರಣಿಯೂ ಒಂದೇ ಆಗಿರುವುದಿಲ್ಲ. ಯಾವುದರಲ್ಲಿ ಸ್ಥಳ ಸಿಕ್ಕುವುದೋ ತಿಳಿಯದ ವಿದ್ಯಾರ್ಥಿಯು ನಾಲ್ಕಾರು ಕಡೆಗಳ ನಿಬಂಧನೆಗಳನ್ನೂ ಪೂರೈಸಲು ಹೋಗಿ ಹೆಚ್ಚು ಓದುತ್ತಾನೆ. ಜಾಗರೂಕನಾದವನಲ್ಲಿಯೇ ಹೆಚ್ಚುವರಿಯು ಸೇರುವುದು ಹೀಗೆ.

ಮೂರನೆಯದು ದಂಡಕ್ಕೆ ಗುರಿಯಾಗುವುದು. ಪದವಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಓದುವವರಿಗೆ ಸರ್ಕಾರದ ಹಣವನ್ನು ಏಕೆ ವೆಚ್ಚಮಾಡಬೇಕೆಂಬ ವಿಚಾರದಿಂದ ಕೆಲವು ಸಂಸ್ಥಾನಗಳು ಶಾಸನಮಾಡಿದುವು. ಫ್ಲಾರಿಡಾ ಸಂಸ್ಥಾನವು ೨೦೦೯ರಲ್ಲಿ ಗೊತ್ತಾದ ಮಿತಿಗೆ ಮೀರಿದ ಗಂಟೆಗಳಿಗೆ ಅಧಿಕ ಶುಲ್ಕವನ್ನು ವಿಧಿಸುವ ಶಾಸನವನ್ನು ತಂದಿತು. ಅದೇ ಸಂಸ್ಥಾನವು ೧೯೭೧ರಲ್ಲಿಯೇ ತನ್ನ ಸಾರ್ವಜನಿಕ ಕಾಲೇಜುಗಳಿಗೂ ವಿಶ್ವವಿದ್ಯಾನಿಲಯಗಳಿಗೂ ನಡುವೆ ವರ್ಗಾವಣೆಯ ಒಡಂಬಡಿಕೆಯನ್ನು ಮಾಡಿಕೊಂಡು ದೇಶಕ್ಕೆ ಮಾದರಿಯಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು.

೫

ಕ್ರೆಡಿಟ್ಟುಗಳು ಹೀಗೆ ವ್ಯರ್ಥವಾಗುವುದಕ್ಕೆ ಕಾರಣವೇನೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ೧೯೬೦ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞನು, ವಿಶ್ವವಿದ್ಯಾನಿಲಯದ ಆಸೆಯಿಂದ ಬಂದವರ ಆಸೆಯನ್ನು ಮೆಲ್ಲಮೆಲ್ಲನೆ ತಣಿಸಿ ಬೇರೆ ದಾರಿಗೆ ತಿರುಗಿಸುವುದು ಈ ಕಾಲೇಜುಗಳ ಒಂದು ಗುಪ್ತಕಾರ್ಯವೆಂದು ಪ್ರತಿಪಾದಿಸಿದನು. ೧೯೮೯ರಲ್ಲಿ ಸ್ಟೀವನ್ ಬ್ರಿಂಟ್, ಜೆರೋಮ್ ಕ್ಯಾರಬೆಲ್ ಇವರು, ಕಾಲೇಜುಗಳು ಉದ್ಯೋಗಶಿಕ್ಷಣದ ಕಡೆಗೆ ವಾಲಿದುದರಿಂದ ಬಡವರ ಕನಸು ದಾರಿತಪ್ಪಿತೆಂದು ವಾದಿಸಿದರು. ಇವರ ಮತದಂತೆ ದೋಷವು ಸಮಾಜದ ಅಂತಸ್ತುಗಳಲ್ಲಿದೆ. ವಿಶ್ವವಿದ್ಯಾನಿಲಯದ ಅಧ್ಯಾಪಕರು ಕಿರಿಯ ಕಾಲೇಜುಗಳ ಮಟ್ಟವನ್ನು ನಂಬದಿರುವುದೇ ಕಾರಣವೆಂಬುದು ಇನ್ನೊಂದು ಮತ.

ಇವೆರಡರಲ್ಲಿಯೂ ಸತ್ಯಾಂಶವುಂಟು, ಆದರೆ ಎರಡೂ ಸಾಲವು. ಮಟ್ಟದ ಅಪನಂಬಿಕೆಯೇ ಕಾರಣವಾಗಿದ್ದರೆ ಪಾಠವನ್ನು ಒಪ್ಪದೆ ತಳ್ಳಬೇಕಾಗಿದ್ದಿತು. ಮೇಲೆ ಹೇಳಿದ ಮೊದಲೆರಡು ಬಗೆಗಳಲ್ಲಿ ವಿಶ್ವವಿದ್ಯಾನಿಲಯವು ಪಾಠದ ಯೋಗ್ಯತೆಯನ್ನು ಒಪ್ಪಿಯೂ ಅದನ್ನು ಪದವಿಯ ಲೆಕ್ಕದಲ್ಲಿ ಬಿಡುತ್ತದೆ. ಗಂಟೆಯ ಲೆಕ್ಕವೊಂದು, ವಿಷಯದ ಲೆಕ್ಕವೊಂದು. ಪದವಿಗೆ ಎರಡೂ ತುಂಬಬೇಕು. ವರ್ಗವಾಗುವಾಗ ಒಂದು ತುಂಬಿದರೂ ಇನ್ನೊಂದು ತುಂಬದೆ ಉಳಿಯುತ್ತದೆ. ಹೆಚ್ಚುವರಿಯೂ ಕೊರತೆಯೂ ಒಬ್ಬನಲ್ಲಿಯೇ ಏಕಕಾಲದಲ್ಲಿ ಇರುವುದಕ್ಕೆ ಈ ಎರಡು ಲೆಕ್ಕಗಳ ಭೇದವೇ ಮುಖ್ಯ ಕಾರಣವೆಂದು ಹೇಳಬೇಕಾಗುತ್ತದೆ.

ನಷ್ಟದ ಪ್ರಮಾಣವು ಅಲ್ಪವಲ್ಲ. ೨೦೧೭ರಲ್ಲಿ ಅಮೆರಿಕದ ಕೇಂದ್ರಸರ್ಕಾರದ ಲೆಕ್ಕಪರಿಶೋಧನ ಸಂಸ್ಥೆಯು ಪ್ರಕಟಿಸಿದ ವರದಿಯಂತೆ, ೨೦೦೪ರಿಂದ ೨೦೦೯ರ ವರೆಗಿನ ಅವಧಿಯಲ್ಲಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾದವರು ತಮ್ಮ ಕ್ರೆಡಿಟ್ಟುಗಳಲ್ಲಿ ಸರಾಸರಿ ಶೇಕಡಾ ೪೩ರಷ್ಟನ್ನು ಕಳೆದುಕೊಂಡರು. ಇದು ಎಲ್ಲ ಬಗೆಯ ಕಾಲೇಜುಗಳನ್ನೂ ಒಳಗೊಂಡ ಅಂದಾಜು. ಸಾರ್ವಜನಿಕ ಕಾಲೇಜುಗಳ ನಡುವಣ ವರ್ಗಾವಣೆಯಲ್ಲಿ ನಷ್ಟವು ಶೇಕಡಾ ೩೭. ಒಂದೊಂದು ಕ್ರೆಡಿಟ್ಟಿನ ಹಿಂದೆಯೂ ಶುಲ್ಕವುಂಟು, ಸಾಲವುಂಟು, ಹಗಲು ದುಡಿದು ಸಂಜೆ ಪಾಠಕ್ಕೆ ಬಂದವರ ಆಯುಸ್ಸಿನ ಗಂಟೆಗಳುಂಟು.

೬

ಪರಿಹಾರದ ಯತ್ನಗಳು ಎರಡು ಮಾರ್ಗಗಳಲ್ಲಿ ನಡೆದಿವೆ. ಮೊದಲನೆಯದು ಒಂದೊಂದು ಪಾಠಕ್ಕೂ ಸಮಾನವಾದ ಪಾಠವನ್ನು ಗೊತ್ತುಮಾಡಿ ಪಟ್ಟಿಮಾಡುವುದು. ಕ್ಯಾಲಿಫೋರ್ನಿಯಾದಲ್ಲಿ ೧೯೮೫ರಲ್ಲಿ ಸ್ಥಾಪಿತವಾದ ಅಸಿಸ್ಟ್ ಎಂಬ ಭಂಡಾರವು ಈ ಬಗೆಯದು. ಎರಡನೆಯದು ಎರಡೂ ಕಡೆಗೆ ಸಲ್ಲುವ ಒಂದೇ ಪಾಠಸಮುಚ್ಚಯವನ್ನು ರಚಿಸುವುದು. ೨೦೧೦ರ ಶಾಸನದಂತೆ ಆ ಸಂಸ್ಥಾನದಲ್ಲಿ ವರ್ಗಾವಣೆಗೆಂದೇ ಏರ್ಪಟ್ಟ ಅಸೋಸಿಯೇಟ್ ಪದವಿಯನ್ನು ೬೦ ಕ್ರೆಡಿಟ್ಟುಗಳಿಂದ ಪಡೆದವರು, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅದೇ ಬಗೆಯ ವಿಷಯದಲ್ಲಿ ಮುಂದುವರಿದರೆ ಇನ್ನು ೬೦ರಿಂದ ಪದವಿಯನ್ನು ಮುಗಿಸಬಹುದು. ೨೦೨೧ರ ಇನ್ನೊಂದು ಶಾಸನದ ಫಲವಾಗಿ, ಎರಡು ವಿಶ್ವವಿದ್ಯಾನಿಲಯವ್ಯವಸ್ಥೆಗಳಿಗೂ ಸಲ್ಲುವ ಏಕರೂಪವಾದ ಸಾಮಾನ್ಯ ಪಾಠಕ್ರಮವು ೨೦೨೫ರಲ್ಲಿ ಆಚರಣೆಗೆ ಬಂದಿದೆ.

ಎರಡನೆಯ ಮಾರ್ಗಕ್ಕೆ ಅಧ್ಯಾಪಕರ ಕಡೆಯಿಂದ ಆಕ್ಷೇಪಣೆಗಳು ಹುಟ್ಟಿದುದೂ ಸಹಜವೇ. ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿಯು ೨೦೧೧ರಲ್ಲಿ ತನ್ನ ಎಲ್ಲ ಕಾಲೇಜುಗಳಿಗೂ ೩೦ ಕ್ರೆಡಿಟ್ಟುಗಳ ಸಮಾನ ಪಾಠಕ್ರಮವನ್ನು ವಿಧಿಸಿದಾಗ ಅಧ್ಯಾಪಕಸಂಘವು ನ್ಯಾಯಾಲಯದ ವರೆಗೂ ಹೋಯಿತು. ಇಂಗ್ಲಿಷ್ ಬರವಣಿಗೆಯ ಪಾಠಕ್ಕೆ ವಾರಕ್ಕೆ ನಾಲ್ಕು ಗಂಟೆಗಳು ಬೇಕೋ ಮೂರು ಸಾಕೋ ಎಂಬುದು ಅಲ್ಲಿ ತೀವ್ರವಾದ ವಿವಾದವಾಯಿತು. ಹೊರಗಿನವರಿಗೆ ಅಲ್ಪವೆಂದು ಕಾಣುವ ಈ ಒಂದು ಗಂಟೆಯು, ದುರ್ಬಲರಾದ ವಿದ್ಯಾರ್ಥಿಗಳಿಗೆ ಬರೆಯಲು ಕಲಿಸುವವರಿಗೆ ಅಲ್ಪವಲ್ಲ. ಕೊಳಗವನ್ನು ಎಲ್ಲೆಡೆಯೂ ಒಂದಾಗಿಸಿದರೆ ಧಾನ್ಯವು ಚೆಲ್ಲುವುದಿಲ್ಲ; ಆದರೆ ಯಾರ ಕೊಳಗಕ್ಕೆ ಸರಿಯಾಗಿ ಒಂದಾಗಿಸಬೇಕೆಂಬುದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯು ಉಳಿಯುತ್ತದೆ.

೭

ಈ ಚರಿತ್ರೆಯು ಭಾರತಕ್ಕೆ ತೀರ ದೂರದ್ದಲ್ಲ. ಹಾರ್ಪರನ ವಿಭಾಗಕ್ಕೆ ಹೋಲುವ ಸಲಹೆಯನ್ನು, ೧೯೧೭ರಿಂದ ೧೯೧೯ರ ವರೆಗೆ ಕೆಲಸಮಾಡಿದ ಸ್ಯಾಡ್ಲರನ ಕಲಕತ್ತಾ ವಿಶ್ವವಿದ್ಯಾನಿಲಯ ಆಯೋಗವು ಕೊಟ್ಟಿದ್ದಿತು: ಇಂಟರ್‌ಮೀಡಿಯೆಟ್ ತರಗತಿಗಳನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಬೇಕು. ಆದರೆ ಇಲ್ಲಿ ಆ ಹಂತವು ಪರೀಕ್ಷೆಯಿಂದ ಮುಗಿಯತಕ್ಕದ್ದಾಗಿದ್ದು, ಗಂಟೆಗಳ ಗಂಟನ್ನು ಕಟ್ಟಿಕೊಂಡು ಮುಂದಕ್ಕೆ ಹೋಗುವ ಪ್ರಸಂಗವು ಬರಲಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, ೨೦೨೧ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕ್ರೆಡಿಟ್ಟುಗಳನ್ನು ಕೂಡಿಡುವ ಬ್ಯಾಂಕಿನ ನಿಯಮಗಳನ್ನು ಹೊರಡಿಸಿತು. ಕೂಡಿಟ್ಟ ಕ್ರೆಡಿಟ್ಟು ಸಾಮಾನ್ಯವಾಗಿ ಏಳು ವರ್ಷಗಳ ವರೆಗೆ ಸಲ್ಲುತ್ತದೆ. ಆ ನೀತಿಯನ್ನು ೨೦೨೧ರಲ್ಲಿಯೇ ಕಾಲೇಜುಗಳಲ್ಲಿ ಜಾರಿಗೆ ತಂದ ಕರ್ನಾಟಕವು ೨೦೨೪ರಲ್ಲಿ ಮೂರು ವರ್ಷದ ಪದವಿಗೆ ಹಿಂದಿರುಗಿತು. ಇಷ್ಟು ಅಲ್ಪಕಾಲದಲ್ಲಿ ಕ್ರಮವು ಎರಡು ಸಾರಿ ಬದಲಾದಾಗ, ಒಂದು ಕ್ರಮದಲ್ಲಿ ಗಳಿಸಿದುದು ಇನ್ನೊಂದರಲ್ಲಿ ಹೇಗೆ ಸಲ್ಲಬೇಕೆಂಬ ಪ್ರಶ್ನೆಯು ಕನ್ನಡನಾಡಿನ ಅಧ್ಯಾಪಕರ ಮನೆಬಾಗಿಲಿಗೂ ಬಂದಂತಾಯಿತು.

ಅಮೆರಿಕದ ಅನುಭವವು ಕಲಿಸುವುದು ಇಷ್ಟು. ಕ್ರೆಡಿಟ್ಟನ್ನು ಕೂಡಿಡುವುದು ಸುಲಭ. ಕೂಡಿಟ್ಟುದು ಇನ್ನೊಂದು ಕಡೆಯಲ್ಲಿ ಚಲಾವಣೆಯಾಗುವಂತೆ ಮಾಡುವುದು ಕಷ್ಟ. ಅದಕ್ಕೆ ಬೇಕಾದುದು ಎರಡು ಕಡೆಯ ಅಧ್ಯಾಪಕರೂ ಒಟ್ಟಿಗೆ ಕುಳಿತು ಪಾಠಪಾಠವನ್ನೂ ನೋಡಿ, ಮೊದಲೇ ಒಪ್ಪಿ, ಒಪ್ಪಿದುದನ್ನು ವಿದ್ಯಾರ್ಥಿಗೆ ಮೊದಲನೆಯ ದಿನವೇ ತಿಳಿಸುವುದು. ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರೆಂಬ ಮಾತು ವಿದ್ಯೆಯ ವಿಷಯದಲ್ಲಿ ನಿಜ. ಆ ವಿದ್ಯೆಯ ಲೆಕ್ಕದ ವಿಷಯದಲ್ಲಿ ಅದು ನಿಜವಾಗುವಂತೆ ಮಾಡುವ ಹೊಣೆಯು ಲೆಕ್ಕವಿಡುವವರದು.